ಶಟರ್ ಎಳೆದು ನಿನಗೊಬ್ಬಳಿಗೇ ಹಾಕಿದ ಆಲ್ಬಮ್

ನನ್ನ ಅಕ್ಕನ ಹೊಟ್ಟೆಯಲ್ಲಿ ಹುಟ್ಟಿ, ನನ್ನ ಗೋಡೌನಿನಲ್ಲಿ ಬೆಳೆದ ಪವಿತ್ರಾಗೆ, ನಿನ್ನ ಮಾವ ಕೆಂಪರಾಜು ಬರೆಯುವುದೇನೆಂದರೆ,

ನಾನು ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಕ್ಷೇಮವೇ ಎಂದು ಕೇಳಲು ಬಾಯಿ ಬರುತ್ತಿಲ್ಲ. ಇಲ್ಲೇ ಯಲಹಂಕದ ಪಕ್ಕದ ನಮ್ಮ ಸಿಂಗಾಪುರದ ಸ್ಕೂಲಿನಲ್ಲಿ ಮೇಷ್ಟ್ರು ಕಲಿಸಿದ ಪತ್ರದ ಪಾಠದಲ್ಲಿ ಈ ಎರಡು ಸಾಲು ಬಿಟ್ಟು ಬೇರೆ ಶುರು ಇರಲಿಲ್ಲ. ಏಳನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟೆ. ಸತ್ತವರಿಗೆ ಬರೆಯುವುದನ್ನು ಎಂಟನೇ ಕ್ಲಾಸಿನಲ್ಲಿ ಕಲಿಸುತ್ತಿದ್ದರೋ ಏನೋ. ಇರಲಿ. ಯಲಹಂಕದ ಸುತ್ತ ನನ್ನ ಮೈಕ್ ಸೆಟ್ ಇಲ್ಲದೆ ಒಂದು ಗಣೇಶ ಕೂತಿಲ್ಲ, ನನ್ನ ಶಾಮಿಯಾನ ಇಲ್ಲದೆ ಒಂದು ಮದುವೆ ನಡೆದಿಲ್ಲ. ಅಂಥ ಗಂಡಸಿಗೆ ಒಂದು ಕಾಗದ ಬರೆಯಲು ಆಗುವುದಿಲ್ಲವೆಂದರೆ ನೀನೇ ನಗುತ್ತೀಯ. ನಗುತ್ತೀಯ ತಾನೆ?

ನಿಮ್ಮ ಮೊದಲ ಆಲ್ಬಮ್ ಹೊರಬಂದ ದಿನ ನೆನಪಿದೆ. ಒಂದರ ಮೇಲೊಂದು ಪೇರಿಸಿದ್ದ ಪ್ಲಾಸ್ಟಿಕ್ ಕುರ್ಚಿಗಳ ತುದಿಯಲ್ಲಿ ಹತ್ತಿ ಕೂತು, ಜನ ಬರೆದದ್ದನ್ನೆಲ್ಲ ಫೋನಿನಲ್ಲಿ ಓದಿ ಓದಿ ಹೇಳುತ್ತಿದ್ದೆ. ಒಬ್ಬ ಪುಣ್ಯಾತ್ಮ, ‘ಹಾಡು ಸೂಪರ್, ಆದರೆ ಎರಡನೇ ಹಾಡಿನ ಹಿಂದೆ ಕುಕ್ಕರ್ ಯಾಕೆ ವಿಷಲ್ ಹೊಡೀತಿದೆ’ ಎಂದು ಬರೆದಿದ್ದ. ಪಕ್ಕದ ಮನೆಯವರ ಬೇಳೆ ಬೆಂದ ಸದ್ದು ಅದು. ನೀನು ನಕ್ಕು ನಕ್ಕು ಕುರ್ಚಿ ಸಮೇತ ಬೀಳುವುದರಲ್ಲಿದ್ದೆ. ಆಮೇಲೆ ಫೋನು ಕೆಳಗಿಟ್ಟು ಒಂದು ಮಾತು ಹೇಳಿದೆ: “ಬರ್ದಿದ್ದು ನಂಬಬಾರ್ದು ಮಾವ. ಮೊದಲ್ನೇ ಸಲ ಕೇಳೋವಾಗ ಅವ್ರ ಮುಖ ನೋಡ್ಬೇಕು. ಎರಡನೇ ಸಲಕ್ಕೆ ಎಲ್ರೂ ಸುಳ್ಳು ಹೇಳೋಕೆ ಶುರು ಮಾಡ್ತಾರೆ.” ನಿನ್ನ ಎರಡನೇ ಆಲ್ಬಮ್ ಕೇಳಿದವರ ಮುಖಗಳನ್ನು ನಾನು ನೋಡಿದೆ ಪವಿ. ನಿನ್ನ ಪರವಾಗಿ, ಒಂದೊಂದನ್ನೂ. ಅದನ್ನು ಹೇಳಲಿಕ್ಕೇ ಈ ಕಾಗದ.

ನೀನೂ ಇಮ್ರಾನನೂ ಮೊದಲ ಸಲ ನನ್ನ ಪುಟ್ಟೇನಹಳ್ಳಿ ಗೋಡೌನಿಗೆ ಡ್ರಮ್ಮು ಹೊತ್ತು ತಂದಾಗ ನಾನು ಕೇಳಿದ್ದು ಒಂದೇ: ಇದು ಯಾವ ಜಾತಿಯ ಸಂಗೀತ? “ಪಾಪ್ ಪಂಕ್, ಮಾವ,” ಎಂದೆ. ಅಂದರೆ? “ಅಳೋ ವಿಷಯಾನ ಕುಣ್ಕೊಂಡು ಹೇಳೋದು.” ಗೋಡೌನಿಗೆ ಇದ್ದದ್ದು ಸಿಂಗಲ್ ಫೇಸ್ ಕರೆಂಟು. ನಿಮ್ಮ ಆಂಪ್ಲಿಫೈಯರ್ ಹಾಕಿದರೆ ನನ್ನ ಫ್ಯಾನು ನಿಲ್ಲುತ್ತಿತ್ತು. ಅದಕ್ಕೇ ಬ್ಯಾಂಡಿಗೆ ಸಿಂಗಲ್ ಫೇಸ್ ಎಂದು ಹೆಸರಿಟ್ಟಿರಿ. ಹೆಸರಿಟ್ಟವನು ನಾನೇ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನೀನು ಒಂದು ದಿನವೂ ಅಲ್ಲಗಳೆಯಲಿಲ್ಲ. ಆ ಇಮ್ರಾನ್, ಆರ್.ಟಿ. ನಗರದಲ್ಲಿ ಅಪ್ಪನ ಟಿಂಕರಿಂಗ್ ಶಾಪಿನಲ್ಲಿ ಕಾರಿನ ಬಾನೆಟ್ ಬಡಿದು ಕೈ ಪಳಗಿಸಿಕೊಂಡವನು, ಈಗಲೂ ನನ್ನನ್ನು ಮಾವ ಎಂದೇ ಕರೆಯುತ್ತಾನೆ. ಕರೆದಾಗಲೆಲ್ಲ ನಾನು ತಿರುಗಿ ಅವನ ಹಿಂದೆ ಇನ್ನೊಬ್ಬಳನ್ನು ಹುಡುಕುತ್ತೇನೆ. ಇದು ಯಾವಾಗ ನಿಲ್ಲುತ್ತದೆ?

ಹೊಸ ಆಲ್ಬಮ್ಮಿನ ಐದನೇ ಹಾಡನ್ನು ನೀನು ಕಟ್ಟಿದ ಸಂಜೆಯೂ ನೆನಪಿದೆ. ನಿಮ್ಮಮ್ಮ ಬೆಳಿಗ್ಗೆ ನಿನಗೆ ಬೈದಿದ್ದನ್ನು ನೀನು ಒಂದಕ್ಷರ ಬಿಡದೆ ಹಾಡಿಗೆ ಹಾಕಿದ್ದೆ.

“ಎಂಟು ಗಂಟೆಗೆ ಗೇಟು, ಆಮೇಲೆ ನಾಯಿ ಜೊತೆ ಮಲ್ಕೋ,
ಊರೆಲ್ಲ ಸುತ್ತಿದ ಕಾಲು, ಹೊರಗೇ ತೊಳ್ಕೊಂಡು ಬಾ.”

ಪಲ್ಲವಿ ಬಂದಾಗ ನೀನು, ಇಮ್ರಾನ್, ಗಿಟಾರಿನ ಹುಡುಗ ಮೂರೂ ಜನ ಮೈಕಿನ ಮುಂದೆ ನಿಂತು, “ನಿನ್ನ ಬಾಯಿಗೆ ಮಣ್ಣಾಕ” ಎಂದು ಕಿರುಚಿದಿರಿ. ನಾನು ಹೊಟ್ಟೆ ಹಿಡಿದು ನಕ್ಕೆ. ನನ್ನ ಅಕ್ಕ ಜಯಮ್ಮನ ಬಾಯಲ್ಲಿ ಆ ಮಾತು ಬೆಳಗಿನ ಸುಪ್ರಭಾತ. ನನಗೆ ಬೈದಿದ್ದಾಳೆ, ಹಾಲಿನವನಿಗೆ ಬೈದಿದ್ದಾಳೆ, ಕೆಡುವ ಮಿಕ್ಸಿಗೂ ಬೈದಿದ್ದಾಳೆ. ಆ ಮಾತಿಗೆ ಯಾರು ಬೆಲೆ ಕೊಟ್ಟಿದ್ದರು?

ನಿನ್ನನ್ನು ಮಣ್ಣು ಮಾಡಿದ ದಿನದ ಬಗ್ಗೆ ಬರೆಯಬಾರದೆಂದುಕೊಂಡಿದ್ದೆ. ಬರೆಯದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ. ನಾಲ್ಕು ದಿನದ ಜ್ವರ, ಅಷ್ಟೇ. ತಮಟೆಯವರು ನಿನ್ನ ಮುಂದೆ ಬಡಿದುಕೊಂಡು ಹೋಗುತ್ತಿದ್ದರೆ ಅದು ಹೆಚ್ಚುಕಡಿಮೆ ಇಮ್ರಾನ್ ಬಾರಿಸುವ ವೇಗವೇ; ಅವನು ಪಕ್ಕದಲ್ಲಿ ನಡೆಯುತ್ತ, ತನಗೇ ಗೊತ್ತಿಲ್ಲದೆ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದ. ಗುಂಡಿಯ ಹತ್ತಿರ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಬೇಕು. ನಿಮ್ಮಮ್ಮನ ಕೈಗೂ ಕೊಟ್ಟರು. ಅವಳು ಹಾಕಲಿಲ್ಲ. ಹಿಡಿ ಬಿಗಿಮಾಡಿಕೊಂಡು ನಿಂತಳು. ಬೆರಳು ಬಿಡಿಸಲು ನಾನು ಹೋದೆ. “ಹಾಕಕ್ಕ,” ಎಂದೆ. “ಜಲ್ಮ ಎಲ್ಲ ಇದ್ನೇ ಅಂದ್ನಲ್ಲೋ ಕೆಂಪ,” ಎಂದಳು. ಆ ಮಣ್ಣು ಮುಷ್ಟಿಯಲ್ಲೇ ಮನೆಗೆ ಬಂತು. ಅಂದಿನಿಂದ ಅವಳು ಯಾರಿಗೂ ಬೈಯಲಿಲ್ಲ ಪವಿ. ಹಾಲಿನವನು ನೀರು ಬೆರೆಸಿ ತಂದರೂ ಸುಮ್ಮನೆ ಪಾತ್ರೆ ಹಿಡಿದಳು. ಬೈಯದ ಜಯಮ್ಮನನ್ನು ನೋಡಿ ಬೀದಿಯವರೇ ಹೆದರಿದರು.

ಆಲ್ಬಮ್ ಮುಗಿಸಿದ್ದೇವೆಂದು ಇಮ್ರಾನ್ ಬಂದು ಹೇಳಿದಾಗ ಅವನ ಮುಖದಲ್ಲಿ ಸಂತೋಷದ ಸುಳಿವೇ ಇರಲಿಲ್ಲ. ನೀನು ಹಾಡಿದ್ದು ಯಾವುದೂ ಸರಿಯಾಗಿ ರೆಕಾರ್ಡ್ ಆಗಿರಲಿಲ್ಲವಲ್ಲ, ಅದಕ್ಕೆ ಲಿಡಿಯಾ ಹಾಡಿದ್ದಳು. ಟಿ. ದಾಸರಹಳ್ಳಿಯ ಹುಡುಗಿ, ನಿಮ್ಮ ಪ್ರತಿ ಶೋನಲ್ಲೂ ಮೊದಲ ಸಾಲಿನಲ್ಲಿ ನಿಂತು, ನಿನಗಿಂತ ಜೋರಾಗಿ ನಿನ್ನ ಹಾಡು ಹಾಡುತ್ತಿದ್ದಳಲ್ಲ, ಅವಳೇ. ಚರ್ಚಿನಲ್ಲಿ ಪಳಗಿದ ಗಂಟಲು. “ಜನ ಒಪ್ತಾರಾ ಗೊತ್ತಿಲ್ಲ ಮಾವ. ಪವಿ ಇಲ್ದೆ ಸಿಂಗಲ್ ಫೇಸ್ ಬೇಡ ಅಂತ ಆಗ್ಲೇ ಬರೀತಿದಾರೆ. ಅದಿರ್ಲಿ, ಐದನೇ ಹಾಡು ಏನ್ ಮಾಡ್ಲಿ? ತೆಗೆದ್ರೆ ಆಲ್ಬಮ್ಮೇ ಇಲ್ಲ. ಇಟ್ರೆ ಅಮ್ಮನ ಮುಖ ಹೆಂಗ್ ನೋಡ್ಲಿ?” ಎಂದ. ಹಳೆಯ ಅಭಿಮಾನಿಗಳನ್ನು ಒಂದು ಸಂಜೆ ಕರೆದು ಕೇಳಿಸೋಣ, ಅವರು ಬೇಡವೆಂದರೆ ಇಡೀ ಆಲ್ಬಮ್ಮನ್ನೇ ಅಳಿಸಿ ಟಿಂಕರಿಂಗ್ ಶಾಪಿಗೆ ಹೋಗುತ್ತೇನೆ ಎಂದ. ಅಳಿಸುತ್ತಾನಂತೆ. ನೀನು ಹೋದದ್ದು ಸಾಲದೆ, ನಿನ್ನ ಹಾಡೂ ಹೋಗಬೇಕೆ? ನಾನು ಅವನ ಕಾಲು ಹಿಡಿಯುವುದೊಂದು ಬಾಕಿ.

ಅದೇ ವಾರ ಹಿರಿಯರ ಹಬ್ಬ ಬಂತು. ನಮ್ಮ ಕಡೆ ಹೇಗೆಂದು ನಿನಗೆ ಗೊತ್ತು: ಮಹಾಲಯ ಅಮಾವಾಸ್ಯೆ ಸಂಜೆ ತೀರಿಕೊಂಡವರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಅವರು ಬಂದು ಉಂಡು ಎದ್ದ ಮೇಲೆ ಮನೆಯ ಗಂಡಸು ಚಪ್ಪಾಳೆ ತಟ್ಟಿ ಬಾಗಿಲು ತೆಗೆಯಬೇಕು. ಅಲ್ಲಿಯವರೆಗೆ ಯಾರೂ ಒಂದು ತುತ್ತು ಮುಟ್ಟುವಂತಿಲ್ಲ. ನಿನ್ನ ಅಜ್ಜನಿಗೆ ಬೀಡಿ, ಬ್ರಾಂದಿ, ಕೋಳಿ ಸಾರು. ನಿನಗೂ ಒಂದು ಎಲೆ ಹಾಕೋಣ ಎಂದೆ. ನೆಂಟರೆಲ್ಲ ಮೇಲೆ ಬಿದ್ದರು: ಮದುವೆಯಾಗದ ಹುಡುಗಿಯನ್ನು ಹಿರಿಯರ ಸಾಲಿನಲ್ಲಿ ಕೂರಿಸುವುದು ಯಾವ ಪದ್ಧತಿ? ನಿಮ್ಮಮ್ಮ ಗೋಡೆಗೆ ಒರಗಿ ಕೂತಿದ್ದಳು, ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮನೆಯಲ್ಲಿ ಬೇಡವೆಂದರೆ ನನಗೆ ಗೋಡೌನ್ ಇಲ್ಲವೇ? ಅಭಿಮಾನಿಗಳು ಬರುವುದೂ ಅದೇ ಸಂಜೆ ಎಂದು ಇಮ್ರಾನ್‌ಗೆ ಹೇಳಿಸಿದೆ.

ಅವರು ಬಂದಾಗ ಇನ್ನೂ ಬೆಳಕಿತ್ತು. ಒಂದು ಟೆಂಪೋ ತುಂಬುವಷ್ಟು ಹುಡುಗ ಹುಡುಗಿಯರು, ಎಲ್ಲರಿಗೂ ಕಪ್ಪು ಟೀ ಶರ್ಟು, ಸೂತಕದ ಮನೆಗೆ ಬಂದ ಕಾಗೆಗಳ ಹಾಗೆ. ಮುಂದಾಳು ವಿಜಿ, ಹೆಬ್ಬಾಳದವನು, ತೋಳಿನ ಮೇಲೆ ಬ್ಯಾಂಡಿನ ಹೆಸರು ಹಚ್ಚೆ ಹಾಕಿಸಿಕೊಂಡಿದ್ದವನು.

“ಅಂಕಲ್, ಕೇಳೋಕಲ್ಲ, ಬೇಡ ಅಂತ ಹೇಳೋಕೆ ಬಂದಿದೀನಿ,” ಎಂದ.

“ಮೊದಲ್ನೇದು, ನಾನು ಅಂಕಲ್ ಅಲ್ಲ, ಮಾವ. ಎರಡನೇದು, ಕೇಳ್ದೆ ಬೇಡ ಅನ್ನೋನು ಊಟಕ್ ಮುಂಚೆ ತೇಗೋನು,” ಎಂದೆ.

ಒಳಗೆ ನಿನ್ನ ಫೋಟೋ ಇಟ್ಟಿದ್ದೆ. ಬಾಳೆ ಎಲೆಯ ಮೇಲೆ ಬೇಕರಿಯ ಎಗ್ ಪಫ್, ಗಾಡಿಯ ಗೋಬಿ ಮಂಚೂರಿ, ಒಂದು ಹೊಸ ಟೀ ಶರ್ಟು. ಪೆನ್ ಡ್ರೈವ್ ಚುಚ್ಚಿ, ದೊಡ್ಡ ಸ್ಪೀಕರ್ ಎರಡನ್ನೂ ನಿನ್ನ ಕಡೆ ತಿರುಗಿಸಿ, ಹಾಡು ಹಚ್ಚಿ ಹೊರಗೆ ಬಂದು ಶಟರ್ ಎಳೆದುಬಿಟ್ಟೆ.

ಎಲ್ಲರೂ ಬೆಪ್ಪಾಗಿ ನಿಂತರು. “ಏನ್ ಅಂಕಲ್ ಇದು, ಕರ್ದು ಬಾಗ್ಲು ಹಾಕ್ತೀರಾ?”

“ಅವಳು ಮೊದ್ಲು. ಅವಳು ಕೇಳಿ ಎದ್ಮೇಲೆ ನಿಮಗೆ.”

ವಿಜಿ ಬಂದು ಶಟರ್‌ಗೆ ಕಿವಿ ಇಟ್ಟ. ಒಬ್ಬರ ಹಿಂದೆ ಒಬ್ಬರು ಎಲ್ಲರೂ ಇಟ್ಟರು. ನಿನಗೆ ಮುಖ ಬೇಕಿತ್ತಲ್ಲ ಪವಿ, ನನಗೆ ಕಂಡದ್ದು ಸಾಲಾಗಿ ತಗಡಿಗೆ ಅಂಟಿದ ಅರ್ಧರ್ಧ ಮುಖಗಳು.

ಮೊದಲ ಹಾಡಿಗೆ ಶಟರೇ ಗಡಗಡ ನಡುಗಿತು. “ಬರೀ ಬಾಸ್ ಕೇಳಿಸ್ತಿದೆ ಮಚ್ಚಾ.” “ಹಳೇದಕ್ಕಿಂತ ಫಾಸ್ಟ್ ಇದೆ.” “ಗಿಟಾರ್ ತುಂಬಾ ನೀಟಾಗ್ಬಿಟ್ಟಿದೆ ಗುರು, ದೊಡ್ಡೋರಾಗ್ಬಿಟ್ರು ಇವ್ರು.” “ಏನ್ ದೊಡ್ಡೋರು, ಇನ್ನೂ ಶಾಮಿಯಾನ ಗೋಡೌನಲ್ಲೇ ಅವ್ರೆ.” ಎರಡನೇ ಹಾಡಿಗೆ ಒಂದಿಬ್ಬರ ಹೆಗಲು ಅಲುಗಿತು. ಮೂರನೆಯದಕ್ಕೆ ಒಬ್ಬಳು ಆಕಳಿಸಿದಳು. ಅವಳನ್ನು ನಾನು ಮರೆಯುವುದಿಲ್ಲ. ನಾಲ್ಕನೆಯದರ ನಡುವೆ ವಿಜಿ ತಟ್ಟನೆ ತಲೆ ಎತ್ತಿದ. ಕಣ್ಣು ಒದ್ದೆಯಾಗಿತ್ತು. “ಇದು ಪವೀನೇ. ಲೇ, ಪವಿ ವಾಯ್ಸ್ ಕಣ್ರೋ ಇದು. ಹಾಡಿಟ್ಟು ಹೋಗಿದಾಳೆ.”

ತಗಡಿನ ಆಚೆಯಿಂದ ಯಾರ ದನಿಯಾದರೂ ಹಾಗೇ ಕೇಳಿಸುತ್ತದೆ. ನನಗೂ ಹಾಗೇ ಕೇಳಿಸಿತ್ತು. ಒಂದು ಕ್ಷಣ, ಒಂದೇ ಕ್ಷಣ, ಶಟರ್ ಎತ್ತಿದರೆ ನೀನು ಅಲ್ಲಿ... ಆದರೆ ಹಾಡಿದವಳು ಅಲ್ಲೇ ನನ್ನ ಲಗೇಜ್ ಆಟೋ ಪಕ್ಕದಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ತನ್ನ ದನಿಯನ್ನು ಇನ್ನೊಬ್ಬಳದೆಂದು ಜನ ಅಳುವುದನ್ನು ನೋಡುತ್ತಿದ್ದಳು. ಇಮ್ರಾನ್ ತಡೆಯಲಾರದೆ ಹೇಳಿಬಿಟ್ಟ: “ಇಲ್ಲ ವಿಜಿ. ಅದು ಲಿಡಿಯಾ.”

ವಿಜಿಯ ಮುಖ ನೋಡಬಾರದಿತ್ತು. ಅವನು ಶಟರ್ ಬಿಟ್ಟು ಹಿಂದೆ ಸರಿದು ರಸ್ತೆಯ ಮೇಲೇ ಕೂತ. “ಹಂಗಾದ್ರೆ ಯಾಕೋ ಮಾಡ್ದೆ ಇದನ್ನ,” ಎಂದ. ಇಮ್ರಾನ್ ಜೇಬಿನಿಂದ ಫೋನು ತೆಗೆದು ನನ್ನ ಕಡೆ ನೋಡಿದ. ಅಳಿಸುತ್ತೇನೆ ಎನ್ನುವ ನೋಟ. ನಾನು ದೇವರೇ ಎಂದೆನೋ, ಪವಿ ಎಂದೆನೋ, ಗೊತ್ತಿಲ್ಲ.

ಆಗಲೇ ಬೀದಿ ತಿರುವಿನಲ್ಲಿ ನಿಮ್ಮಮ್ಮ ಕಾಣಿಸಿಕೊಂಡಳು. ಕೈಯಲ್ಲಿ ಮುಚ್ಚಿದ ಪಾತ್ರೆ. ಮನೆಯಲ್ಲಿ ಮಾತೇ ಆಡದವಳು ಅವರೆಕಾಳಿನ ಸಾರು ಮಾಡಿ ನಿನ್ನ ಎಲೆಗೆ ತಂದಿದ್ದಳು. ಆದರೆ ಶಟರ್ ಹಾಕಿ ಆಗಿತ್ತಲ್ಲ. ಹಾಕಿದ ಬಾಗಿಲನ್ನು ನಡುವೆ ತೆಗೆದರೆ ಉಣ್ಣುತ್ತಿರುವವರು ಎಲೆಯಿಂದ ಎದ್ದು ಹೋಗುತ್ತಾರೆ. ಅವಳು ಒಳಗೆ ಹೋಗುವಂತಿಲ್ಲ, ವಾಪಸ್ಸು ಹೋಗೆಂದು ನಾನು ಹೇಳುವಂತಿಲ್ಲ. ಪಾತ್ರೆ ಹಿಡಿದು ಹುಡುಗರ ಹಿಂದೆ ನಿಂತಳು. ಒಳಗೆ ಐದನೇ ಹಾಡು ಶುರುವಾಯಿತು.

ಎಂಟು ಗಂಟೆಗೆ ಗೇಟು ಎಂದು ಕೇಳಿದ ಕೂಡಲೇ ಆ ಹುಡುಗರಿಗೆ ಏನಾಯಿತೋ. ಆಕಳಿಸಿದವಳೇ ಮೊದಲು ನಕ್ಕಳು. “ನಮ್ಮಮ್ಮನೂ ಇದೇ ಬೈಯೋದು,” ಎಂದು ಯಾರೋ ಕೂಗಿದರು. ಕೂತಿದ್ದ ವಿಜಿ ತಲೆ ಎತ್ತಿದ. ಪಲ್ಲವಿ ಎರಡನೇ ಸಲ ಬರುವಷ್ಟರಲ್ಲಿ ಎಲ್ಲರಿಗೂ ಬಾಯಿಪಾಠ. ಕುಣಿಯುತ್ತ, ಶಟರ್ ಬಡಿಯುತ್ತ, ಒಟ್ಟಿಗೇ ಕಿರುಚಿದರು: ನಿನ್ನ ಬಾಯಿಗೆ ಮಣ್ಣಾಕ. ನಾನು “ಸುಮ್ನಿರ್ರೋ” ಎಂದು ಬೇಡಿಕೊಂಡು ಒಬ್ಬೊಬ್ಬರ ಬಾಯಿ ಮುಚ್ಚಲು ಓಡಾಡಿದೆ. ಮೈಕ್ ಸೆಟ್ ಕೆಂಪರಾಜುವಿನ ದನಿ ಆ ದಿನ ಯಾರಿಗೂ ಕೇಳಿಸಲಿಲ್ಲ. ಅವರಿಗೇನು ಗೊತ್ತು, ಆ ಮಾತಿನ ಒಡತಿ ಹಿಂದೆಯೇ ನಿಂತಿದ್ದಾಳೆಂದು?

ಹಾಡು ನಿಂತಾಗ ಅವಳು ಮುಂದೆ ಬಂದಳು. ಇಮ್ರಾನ್ “ಅಮ್ಮಾ,” ಎಂದ. ಅವಳು ಬೇರೆ ಯಾರನ್ನೋ ಕೇಳುವ ಹಾಗೆ ಕೇಳಿದಳು: “ಯಾರು ಆಡಿದ್ದು?”

ಲಿಡಿಯಾ ಆಟೋ ಪಕ್ಕದಿಂದ ಬಂದು ನಿಂತಳು. “ನಾನು ಆಂಟಿ. ಸಾರಿ. ಆ ಲೈನ್ ಬೇಡ ಅಂದ್ರೆ ತೆಗೆದ್ಬಿಡ್ತೀವಿ.”

“ನೀನು ಅದ್ನ ಎಳೀತಿಯ. ಮಣ್ಣಾಆಕ ಅಂತ. ನಾನು ಅಂಗೆ ಎಳೀತಿರ್ಲಿಲ್ಲ ಕಣಮ್ಮಿ. ತಟ್ ಅಂತ ಅಂದ್ಬುಟ್ಟು ಒಳಿಕ್ ಓಗಿ ತಟ್ಟೆ ಇಕ್ತಿದ್ದೆ. ನೀನು ಎಳುದ್ರೆ ನಿಜ್ವಾಗ್ಲೂ ಸಾಯ್ಲಿ ಅಂದಂಗಾಯ್ತದೆ. ನಾನು ಅಂಗಂದಿಲ್ಲ. ಯಾವತ್ತೂ ಅಂಗಂದಿಲ್ಲ.”

“ಹೆಂಗೆ ಅಂತಿದ್ರಿ?” ಲಿಡಿಯಾ ಕೇಳಿದಳು. ಆ ಹುಡುಗಿಗೆ ಎಷ್ಟು ಧೈರ್ಯ ನೋಡು.

ಅಕ್ಕ ಪಾತ್ರೆಯನ್ನು ವಿಜಿಯ ಕೈಗೆ ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮುಚ್ಚಿದ ಶಟರ್ ಕಡೆ ತಿರುಗಿ, “ನಿನ್ ಬಾಯ್ಗ್ ಮಣ್ಣಾಕ, ಬಾ ಉಣ್ಣು,” ಎಂದಳು. ಕೊನೆಯ ಎರಡು ಮಾತು ನಿನ್ನ ಹಾಡಿನಲ್ಲಿ ಇರಲಿಲ್ಲ. ನೀನು ಬೈಗುಳವನ್ನಷ್ಟೇ ಎತ್ತಿಕೊಂಡು ಊಟ ಬಿಟ್ಟಿದ್ದೆ. ಒಳಗೆ ಮುಂದಿನ ಹಾಡು ತನ್ನ ಪಾಡಿಗೆ ನಡೆದಿದ್ದರೂ ಲಿಡಿಯಾ ಅಲ್ಲೇ, ವಾದ್ಯವಿಲ್ಲದೆ, ಅವಳ ಮುಖ ನೋಡುತ್ತ ಹಾಗೇ ಹಾಡಿದಳು. ಅಕ್ಕ ತಲೆ ಅಲ್ಲಾಡಿಸಿ ಇನ್ನೊಂದು ಸಲ ಎಂದಳು. ಇನ್ನೊಂದು ಸಲ. ಮೂರನೆಯದಕ್ಕೆ ಅಕ್ಕ ಆಸರೆಗೆಂದು ಕೈ ಚಾಚಿದಳು. ಹಿಡಿದುಕೊಂಡದ್ದು ನಾನಲ್ಲ, ಲಿಡಿಯಾ.

ಉಳಿದ ಹಾಡುಗಳೂ ಮುಗಿದ ಮೇಲೆ ನಾನು ಚಪ್ಪಾಳೆ ತಟ್ಟಿ ಶಟರ್ ಎತ್ತಿದೆ. ದೀಪ ಉರಿಯುತ್ತಿತ್ತು. ಎಗ್ ಪಫ್ ಇಟ್ಟ ಹಾಗೇ ಇತ್ತು. ನೀನು ಬಂದಿದ್ದೆಯಾ ಪವಿ? ಒಂದು ಚೂರಾದರೂ ಮುರಿದಿರಬಾರದಿತ್ತೆ? ನಾನು ಮೂರ್ಖನ ಹಾಗೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ಹುಡುಗರೆಲ್ಲ ನನ್ನ ಕುರ್ಚಿಗಳಲ್ಲಿ ಕೂತು, ಸರಿಯಾದ ಸದ್ದಿನಲ್ಲಿ, ಲಿಡಿಯಾಳ ದನಿ ಲಿಡಿಯಾಳದೇ ಎಂದು ಗೊತ್ತಿದ್ದು, ಮೊದಲಿನಿಂದ ಕೇಳಿದರು. ಇಬ್ಬರು ನಡುವೆ ಎದ್ದು ಹೋದರು, ಸುಳ್ಳು ಹೇಳುವುದಿಲ್ಲ. ಕೊನೆಗೆ ವಿಜಿ ಇಮ್ರಾನ್ ಹತ್ತಿರ ಬಂದ. “ಮೂರನೇದು ಚೆನ್ನಾಗಿಲ್ಲ. ಆರನೇದು ಸಾಯ್ಸುತ್ತೆ, ಉದ್ದ ಆಯ್ತು. ಆದ್ರೆ ಅಳಿಸ್ಬೇಡ ಮಗಾ. ಹಾಕು,” ಎಂದ. ನೀನು ಇದ್ದಿದ್ದರೆ ಆ ಮೂರನೇ ಹಾಡಿಗಾಗಿ ಅವನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ನಾನೇ ನಿಂತೆ. ಸೋತೆ.

ಆಲ್ಬಮ್ ಹೊರಬಂದಿದೆ ಪವಿ, ಐದನೇ ಹಾಡನ್ನು ‘ಬಾ ಉಣ್ಣು’ ಸೇರಿಸಿ ಮತ್ತೆ ಹಾಡಿಸಿದ ಮೇಲೆ. ಜನ ಬರೆಯುತ್ತಿದ್ದಾರೆ: ಪವಿ ಇದ್ದಿದ್ದರೆ ಎನ್ನುವವರು ಅರ್ಧ, ಹೊಸ ಹುಡುಗಿ ಪರವಾಗಿಲ್ಲ ಎನ್ನುವವರು ಅರ್ಧ. ಎಲ್ಲಿಯ ಹುಡುಗರೋ ತಮ್ಮ ಅಮ್ಮಂದಿರು ಬೈಯುವುದನ್ನು ಕದ್ದು ರೆಕಾರ್ಡ್ ಮಾಡಿ ಇಮ್ರಾನ್‌ಗೆ ಕಳಿಸುತ್ತಾರೆ. ನಿಮ್ಮಮ್ಮ ಒಂದೊಂದನ್ನೂ ಕೇಳಿ, “ಇದೂ ಒಂದು ಬೈಗುಳಾನಾ,” ಎನ್ನುತ್ತಾಳೆ. ನಗುತ್ತಾಳೆಂದು ತಿಳಿಯಬೇಡ. ಅವಳು ನಕ್ಕಿಲ್ಲ. ನಾನು ಊರ ತುಂಬ ಜಂಬ ಕೊಚ್ಚಿಕೊಂಡು ಬಂದು, ಗೋಡೌನಿನಲ್ಲಿ ಒಬ್ಬನೇ ಕೂತು, ಆ ಹಾಡನ್ನು ಅರ್ಧಕ್ಕಿಂತ ಮುಂದೆ ಕೇಳಲಾರದೆ ನಿಲ್ಲಿಸುತ್ತೇನೆ. ಮುಂದಿನ ಆಲ್ಬಮ್ ಯಾವಾಗ ಎಂದು ಎಲ್ಲರೂ ಕೇಳುತ್ತಾರೆ. ನೀನು ಬರೆದದ್ದು ಇಷ್ಟೇ ಎಂದು ನಾನು ಹೇಗೆ ಹೇಳಲಿ? ಎರಡು ಆಲ್ಬಮ್ಮಿಗೆ ಒಂದು ಹುಡುಗಿ ಮುಗಿದು ಹೋಗುತ್ತಾಳೆಯೆ?

ಹೋದ ಭಾನುವಾರ ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದಾಗ ನಿಮ್ಮಮ್ಮ ಗೋಡೌನಿಗೆ ಬಂದು ಮೈಕು ಕೇಳಿದಳು. “ಕೆಂಪ, ಇದ್ರಲ್ಲಿ ಮಾತಾಡುದ್ರೆ ಅವ್ಳಿಗೆ ಕೇಳ್ತದಾ?”

“ನನ್ನ ಹಾರ್ನ್ ಹಾಕುದ್ರೆ ಯಶವಂತಪುರಕ್ಕೂ ಕೇಳ್ತದಕ್ಕ,” ಎಂದೆ.

“ಅಲ್ಲಿಗಲ್ಲ ಕಣೋ.”

ಜೀವನದಲ್ಲಿ ಮೊದಲ ಸಲ ನನ್ನ ಸಾಮಾನಿನ ಬಗ್ಗೆ ನಾನು ಸುಳ್ಳು ಹೇಳಲಿಲ್ಲ. ಗೊತ್ತಿಲ್ಲ ಎಂದೆ. ಅವಳು ಆದರೂ ಹಿಡಿದುಕೊಂಡಳು. ಇಮ್ರಾನ್ ಡ್ರಮ್ಮಿನ ಕೋಲೆತ್ತಿದವನು ಹಾಗೇ ನಿಂತ. ಅವಳು ಬೈಯಲು ಶುರು ಮಾಡಿದಳು ಪವಿ, ಲಿಡಿಯಾಗಲ್ಲ, ನನಗಲ್ಲ, ನಿನಗೆ. ಇಷ್ಟು ತಿಂಗಳಿಂದ ಗಂಟಲಲ್ಲಿ ತಡೆದಿದ್ದೆಲ್ಲ. ಯಾರ್ನ ಕೇಳ್ಕೊಂಡು ಓದೆ, ಎಂಗೆ ಓದೆ, ನನ್ಗೊಂದ್ ಮಾತು ಏಳ್ಬಾರ್ದಾಗಿತ್ತಾ, ಬಾ ಮನೆಗೆ ಕಾಲ್ ಮುರೀತೀನಿ... ಉಸಿರು ಕಟ್ಟಿದರೂ ನಿಲ್ಲಿಸಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಇಮ್ರಾನ್, ಕಣ್ಣು ಒರೆಸಿಕೊಳ್ಳದೆ, ತುಂಬ ಮೆತ್ತಗೆ ತಾಳ ಹಿಡಿದ. ಲಿಡಿಯಾ ಅವಳ ಮಾತುಗಳನ್ನು ಒಂದೊಂದೇ ಹಿಂಬಾಲಿಸಿದಳು.

ನೀನು ಕೇಳದೆ ಹೋದ ಬೈಗುಳ ಅವಳ ಹತ್ತಿರ ಇನ್ನೂ ಬಹಳ ಇವೆಯಂತೆ. ಪ್ರತಿ ಭಾನುವಾರ ಬರುತ್ತೇನೆ ಎಂದಿದ್ದಾಳೆ. ಮದುವೆ ಇರಲಿ, ಹಬ್ಬ ಇರಲಿ, ಆ ಒಂದು ಮೈಕನ್ನು ಇನ್ನು ಬಾಡಿಗೆಗೆ ಕೊಡುವುದಿಲ್ಲ, ಮಾತು ಕೊಟ್ಟಿದ್ದೇನೆ.

ಬೈಸಿಕೊಳ್ಳಲಾದರೂ ಒಂದು ಸಲ ಬಂದು ಹೋಗು ಎಂದು ಬೇಡುವ,
ನಿನ್ನ ಮಾವ